ಎರಡನೇ ಶನಿವಾರ

ಕಳೆದ ವರ್ಷ ನನ್ನ ಬ್ಯಾಂಕು ನನ್ನ ಖಾತೆಯನ್ನು ಕಾರಣ ಹೇಳದೆ ತಡೆಹಿಡಿಯಿತು. ಕೆಲವು ತಿಂಗಳ ನಂತರ ಕಾರಣ ಹೇಳದೆಯೇ ಬಿಡುಗಡೆ ಮಾಡಿತು. ಒಂದು ರೂಪಾಯಿಯೂ ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ವಿಷಯ ಎತ್ತಿದಾಗಲೆಲ್ಲ ಎದುರಿಗಿರುವವರು “ದುಡ್ಡೇನೂ ಹೋಗ್ಲಿಲ್ವಲ್ಲ, ಬಿಡಿ” ಎಂದು ಮಾತು ಮುಗಿಸುತ್ತಾರೆ. ಹೋದದ್ದು ನನ್ನ ಎರಡನೇ ಶನಿವಾರ. ಅದನ್ನು ಕಳೆದುಕೊಂಡವನು ನಾನೊಬ್ಬನೇ ಆದ್ದರಿಂದ, ಅದು ಏನಾಗಿತ್ತೆಂದು ಬರೆದಿಡುವ ಕೆಲಸವೂ ನನ್ನದೇ.

ನಾನು ಕುವೆಂಪುನಗರದಲ್ಲಿ ಒಂದು ಮನೆಯ ಮೇಲಿನ ಭಾಗದಲ್ಲಿ ಬಾಡಿಗೆಗಿದ್ದೇನೆ. ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದು ನಿವೃತ್ತನಾದವನು. ನಮಗೆ ಮಕ್ಕಳಿರಲಿಲ್ಲ. ಹೆಂಡತಿ ಬಹಳ ಕಾಲ ಕಾಯಿಲೆಯಲ್ಲಿದ್ದು ತೀರಿಕೊಂಡಳು. ಆಮೇಲೆ ಮನೆಯಲ್ಲಿ ಮಾತು ಎಂದರೆ ರೇಡಿಯೊದವರದ್ದು. ಬೆಳಗಿನ ಹೊತ್ತು ಪಾರ್ಕಿನಲ್ಲಿ ಸುತ್ತು ಹಾಕುವಾಗ ಮೂವರ ಪರಿಚಯವಾಯಿತು. ಒಬ್ಬರು ಹೂಟಗಳ್ಳಿಯ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು, ಹಳ್ಳಿಯಲ್ಲಿ ಈಗಲೂ ಹೊಲವುಳ್ಳವರು. ಇನ್ನೊಬ್ಬರು ಮಂಡಿ ಮೊಹಲ್ಲಾದಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರ ಮಾಡಿ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟವರು. ಮೂರನೆಯವರು ದಂತವೈದ್ಯರು, ಬಾಗಿಲಿನ ಬೋರ್ಡು ತೆಗೆದ ಮೇಲೂ ಪರಿಚಯದವರ ಹಲ್ಲು ನೋಡುತ್ತಿದ್ದವರು. ನಾನು ಎಂದೂ ಪಾಠ ಮಾಡಿದವನಲ್ಲವಾದರೂ ಮೂವರಿಗೂ ಮೇಷ್ಟ್ರಾಗಿದ್ದೆ. ತಿದ್ದಿ ತಿದ್ದಿ ಸಾಕಾಗಿ ಒಪ್ಪಿಕೊಂಡೆ.

ಶನಿವಾರ ನಡಿಗೆ ಮುಗಿಸಿ ಪಾರ್ಕಿನ ಹಿಂದಿನ ರಸ್ತೆಯ ಹೋಟೆಲಿನಲ್ಲಿ ತಿಂಡಿ ತಿನ್ನುವುದು ರೂಢಿಯಾಯಿತು. ಮೊದಮೊದಲು ಬಿಲ್ಲಿನ ವಿಷಯಕ್ಕೆ ಗಲ್ಲಾದ ಮುಂದೆ ದೊಡ್ಡ ಜಗಳವೇ ಆಗುತ್ತಿತ್ತು. ನಾನು ಕೊಡುತ್ತೇನೆ, ಛೆ, ಎಲ್ಲಾದರೂ ಉಂಟೇ, ಹೋದ ಸಲ ನೀವೇ ಕೊಟ್ಟಿರಿ ಎಂದು ಒಬ್ಬರ ಕೈಯನ್ನೊಬ್ಬರು ಹಿಡಿದೆಳೆಯುವುದು. ಒಮ್ಮೆ ಮೆಣಸಿನಕಾಯಿ ವರ್ತಕರ ಉತ್ಸಾಹಕ್ಕೆ ವೈದ್ಯರ ಅಂಗಿಯ ಜೇಬೇ ಕಿತ್ತು ಬಂತು. ಗಲ್ಲಾದಲ್ಲಿ ಕೂತವನು ಕೈಮುಗಿದ.

“ಸ್ವಾಮಿ, ಹೊರಗಡೆ ತೀರ್ಮಾನ ಮಾಡ್ಕೊಂಡು ಬನ್ನಿ. ಹಿಂದೆ ಜನ ನಿಂತವ್ರೆ.”

ಹಾಗೆ ಸರದಿ ಹುಟ್ಟಿತು. ಮೊದಲ ಶನಿವಾರ ಫೋರ್‌ಮನ್‌ರದು, ಎರಡನೆಯದು ನನ್ನದು, ಮೂರನೆಯದು ವರ್ತಕರದು, ನಾಲ್ಕನೆಯದು ವೈದ್ಯರದು. ಐದನೆಯದು ಬಂದ ತಿಂಗಳು ಅವರವರದು ಅವರವರೇ. “ಅವತ್ತು ಯಾರಿಗೆ ಯಾರೂ ನೆಂಟ್ರಲ್ಲ, ಹುಷಾರು” ಎನ್ನುತ್ತಿದ್ದರು ವರ್ತಕರು.

ಸರದಿ ಬಂದ ಮೇಲೂ ಎಳೆದಾಟ ಪೂರ್ತಿ ನಿಲ್ಲಲಿಲ್ಲ, ಶಾಸ್ತ್ರಕ್ಕೆ ಉಳಿಯಿತು. ನನ್ನ ಶನಿವಾರ ನಾನು ಗಲ್ಲಾದತ್ತ ಹೊರಟರೆ ವರ್ತಕರು ಮಣಿಕಟ್ಟು ಹಿಡಿದು “ಇವತ್ತು ಬೇಡ ಮೇಷ್ಟ್ರೇ” ಎನ್ನುವರು. ಆ ಹಿಡಿತ ಸಡಿಲವಾಗಿರುತ್ತಿತ್ತು. ಬಿಡಿಸಿಕೊಂಡು ಹೋಗಲಿ ಎಂದೇ ಹಿಡಿದದ್ದು ಅದು.

ಆ ದಿನ ನನ್ನ ಪಾಲಿಗೆ ಎಂಥದಾಗಿತ್ತೆಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ತಾತ ಅರಮನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದವರು. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ನಮ್ಮಲ್ಲಿ ಅಪರಾಧಕ್ಕೆ ಸಮ. ನನ್ನ ಹೆಂಡತಿಗೂ ಹಾಗೆಯೇ. ಎಲೆಯ ಮುಂದೆ ನಿಂತು “ಇನ್ನೊಂದು ಹಾಕಿಸ್ಕೊಳ್ಳಿ” ಎನ್ನುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳು ಹೋದ ಮೇಲೆ ಮನೆಗೆ ಯಾರೂ ಊಟಕ್ಕೆ ಬರುವುದಿಲ್ಲ; ನಾನು ಬೇಯಿಸಿದ್ದನ್ನು ಬಡಿಸುವ ಧೈರ್ಯ ನನಗೂ ಇಲ್ಲ. ಆದರೆ ಎರಡನೇ ಶನಿವಾರ ಆ ಹೋಟೆಲಿನ ಮೇಜು ನನ್ನ ಮನೆಯಾಗುತ್ತಿತ್ತು. ಮಾಣಿಯನ್ನು ಕರೆದು ನಾನು ಹೇಳುತ್ತಿದ್ದೆ, “ಡಾಕ್ಟ್ರಿಗೆ ಇನ್ನೊಂದು ವಡೆ ತನ್ನಿ.” ಅವರು ಬೇಡವೆನ್ನುವರು. ನಾನು ಬಿಡುತ್ತಿರಲಿಲ್ಲ. ಬಿಲ್ಲು ಕೊಡುವವನಿಗೆ ಮಾತ್ರ ಆ ಮಾತಾಡುವ ಹಕ್ಕು. ತಿಂಗಳಿಗೊಮ್ಮೆ ಆ ಹಕ್ಕು ನನಗೆ ಬರುತ್ತಿತ್ತು. ಹಿಂದಿನ ದಿನವೇ ಅಂಗಿಗೆ ಇಸ್ತ್ರಿ ಹಾಕಿಡುತ್ತಿದ್ದೆ.

ಅಂಥದೊಂದು ಬೆಳಿಗ್ಗೆ ಗಲ್ಲಾದ ಮುಂದೆ ನಿಂತು ಫೋನು ಹಿಡಿದೆ. ಸ್ಕ್ಯಾನ್ ಮಾಡುವುದನ್ನು ನನಗೆ ಕಲಿಸಿದವರು ವರ್ತಕರೇ. ಹಣ ಹೋಗಲಿಲ್ಲ. ಮತ್ತೊಮ್ಮೆ ಮಾಡಿದೆ. ಆಗಲೂ ಇಲ್ಲ.

“ಆಗ್ತಿಲ್ಲ ಸಾರ್. ಬೇರೆ ಅಕೌಂಟಿದ್ರೆ ನೋಡಿ” ಎಂದ ಗಲ್ಲಾದವನು, ನನ್ನನ್ನು ದಾಟಿ ಹಿಂದಿನವರನ್ನು ನೋಡುತ್ತ.

ನನ್ನ ಭುಜದ ಮೇಲಿಂದ ಒಂದು ಕೈ ನೋಟು ಚಾಚಿತು. “ನೆಟ್‌ವರ್ಕ್ ಇಲ್ಲ ಕಣ್ರೀ, ಇಸ್ಕೊಳಿ” ಎಂದರು ಫೋರ್‌ಮನ್.

ಮನೆಗೆ ಹೋಗುವ ದಾರಿಯಲ್ಲಿ ಎಟಿಎಂ ಕೂಡ ಕಾರ್ಡನ್ನು ಹಿಂದಕ್ಕೆ ಉಗುಳಿತು. ಎರಡನೇ ಶನಿವಾರ ಬ್ಯಾಂಕಿಗೆ ರಜೆ, ಮರುದಿನ ಭಾನುವಾರ. ಸೋಮವಾರ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತೆ.

ಕೌಂಟರಿನ ಹುಡುಗಿ ತಲೆಯೆತ್ತದೆ “ಟೋಕನ್ ತಗೊಂಡ್ರಾ ತಾತ?” ಎಂದಳು. ನಾನು ಆಕೆಯ ತಾತನಲ್ಲ. ಆ ಶಾಖೆಯಲ್ಲಿ ಖಾತೆ ತೆರೆದಾಗ ಆಕೆ ಹುಟ್ಟಿಯೂ ಇರಲಿಲ್ಲ. ಆದರೂ ಟೋಕನ್ ತೋರಿಸಿದೆ. ಪರದೆ ನೋಡಿ ಹೇಳಿದಳು:

“ಹೋಲ್ಡ್ ಬಂದಿದೆ.”

“ಯಾರು ಹಾಕಿದ್ದು?”

“ಮೇಲಿಂದ.”

“ಮೇಲಿಂದ ಎಂದರೆ?”

“ಸಿಸ್ಟಂನಲ್ಲೇ ಬಂದಿರತ್ತೆ. ಕಾರಣ ನಮಗೂ ಕಾಣ್ಸಲ್ಲ. ಮ್ಯಾನೇಜರ್‌ನ ಕೇಳಿ.”

ಮ್ಯಾನೇಜರರು ಗಾಜಿನ ಕೋಣೆಯಲ್ಲಿದ್ದರು. ನನಗಿಂತ ಮುಂಚೆ ಬಂದವನಿಗೆ ಕುರ್ಚಿ ತೋರಿಸಿದ್ದರು, ನನಗೆ ತೋರಿಸಲಿಲ್ಲ. ಬಾಗಿಲು ತೆರೆದೇ ಇತ್ತು. ಹೊರಗಿನ ಸಾಲಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅವರು ವಿಚಾರಣೆ ಶುರುಮಾಡಿದರು.

“ಲಾಟರಿ ಗೀಟರಿ ಅಂತ ಯಾರಾದ್ರೂ ಫೋನ್ ಮಾಡಿದ್ರಾ ಅಂಕಲ್? ಮೊಬೈಲ್‌ನಲ್ಲಿ ಏನಾದ್ರೂ ಆಡ್ತೀರಾ?”

“ನಾನು ಏನೂ ಆಡುವುದಿಲ್ಲ.”

“ಯಾರದ್ದಾದ್ರೂ ದುಡ್ಡು ನಿಮ್ಮ ಅಕೌಂಟಿಗೆ ಬಂದಿತ್ತಾ?”

“ಪಿಂಚಣಿ ಬರುತ್ತದೆ. ಬೇರೇನೂ ಬರುವುದಿಲ್ಲ.”

“ಹಾಗಾದ್ರೆ ಏನೋ ಒಂದಿರತ್ತೆ, ಬಿಡಿ. ಸುಮ್‌ಸುಮ್ನೆ ಯಾರೂ ಹೋಲ್ಡ್ ಹಾಕಲ್ಲ.”

ಸಾಲಿನಲ್ಲಿ ನಿಂತಿದ್ದವರು ನನ್ನನ್ನು ನೋಡಿದರು. ನೀಲಿ ಸೀರೆಯ ಹೆಂಗಸೊಬ್ಬರು ತಮ್ಮ ಕೈಚೀಲವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡರು. ಅದು ಭಾರಕ್ಕೆ ಮಾಡಿದ್ದಿರಬಹುದು. ಇರಲಿಕ್ಕಿಲ್ಲ.

ಗ್ರಂಥಾಲಯದಲ್ಲಿ ನಾನೂ ಎಷ್ಟೋ ಕಾರ್ಡುಗಳನ್ನು ತಡೆಹಿಡಿದಿದ್ದೇನೆ. ಹಾಳೆ ಹರಿದವರದ್ದು, ಪುಸ್ತಕದ ಅಂಚಿನಲ್ಲಿ ಪ್ರೇಮಪತ್ರ ಬರೆದವರದ್ದು, ಪರೀಕ್ಷೆಯ ಕಾಲದಲ್ಲಿ ಬೇರೆಯವರಿಗೆ ಸಿಗಬಾರದೆಂದು ಅರ್ಥಶಾಸ್ತ್ರದ ಪುಸ್ತಕವನ್ನು ಗಣಿತದ ಬೀರುವಿನ ಹಿಂದೆ ಬಚ್ಚಿಟ್ಟವನದ್ದು. ಪ್ರತಿಯೊಬ್ಬರನ್ನೂ ಕರೆದು, ಕೂರಿಸಿ, ಹರಿದ ಹಾಳೆಯನ್ನು ಎದುರಿಗಿಟ್ಟು, ಇದಕ್ಕಾಗಿ ಇಷ್ಟು ಕಾಲ ಎಂದು ಹೇಳುತ್ತಿದ್ದೆ. ಅವರು ವಾದಿಸುತ್ತಿದ್ದರು. ಕೆಲವರು ಅತ್ತದ್ದೂ ಉಂಟು. ಆದರೆ ಬಾಗಿಲು ದಾಟುವಾಗ ತಮ್ಮ ತಪ್ಪು ಏನೆಂಬುದು ಅವರಿಗೆ ತಿಳಿದಿರುತ್ತಿತ್ತು. ಹದಿನೆಂಟರ ಹುಡುಗರಿಗೆ ಸಲ್ಲುತ್ತಿದ್ದ ಈ ಸಣ್ಣ ಮರ್ಯಾದೆ ನನಗೆ ಸಲ್ಲಲಿಲ್ಲ.

ಮುಂದಿನ ಶನಿವಾರ ಸ್ನೇಹಿತರಿಗೆ ನಡೆದದ್ದನ್ನೆಲ್ಲ ಹೇಳಿದೆ. ಮುಚ್ಚಿಡುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೆ, ಒಂದು ಮಾತೂ ಬಿಡದೆ, ಕ್ರಮವಾಗಿ ಹೇಳಿದೆ. ಹೇಳುತ್ತ ಹೋದಂತೆ ಏನೋ ಸರಿಯಿಲ್ಲವೆನಿಸಿತು. ನನ್ನ ಕತೆಯಲ್ಲಿ ಎಲ್ಲವೂ ಇತ್ತು; ಏಕೆ ಎಂಬ ಜಾಗ ಮಾತ್ರ ಖಾಲಿಯಿತ್ತು. ಫೋರ್‌ಮನ್ ಚಮಚವನ್ನು ನೋಡುತ್ತಿದ್ದರು. ವರ್ತಕರು ಕಾಫಿ ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡರು.

“ಕಾರಣ ಹೇಳ್ಲೇ ಇಲ್ವಾ ಮೇಷ್ಟ್ರೇ?”

“ಇಲ್ಲ.”

“ಏನೋ ಇರತ್ತೆ ಬಿಡ್ರೀ” ಎಂದರು ವೈದ್ಯರು ಬಹಳ ಮೃದುವಾಗಿ. “ಈಗಿನ ಕಾಲದಲ್ಲಿ ಏನೇನೋ ಆಗತ್ತೆ. ನೀವು ಮನಸ್ಸಿಗೆ ಹಚ್ಕೋಬೇಡಿ.”

ಆಮೇಲೆ ಮೂವರೂ ಒಟ್ಟಿಗೆ ಚರಂಡಿ ಕಾಮಗಾರಿಯ ಬಗ್ಗೆ ಮಾತಾಡಿದರು. ನನ್ನನ್ನು ಇನ್ನಷ್ಟು ಕೇಳಿ ನೋಯಿಸಲಿಲ್ಲವೆಂದು ಅಂದು ಅವರ ಬಗ್ಗೆ ಕೃತಜ್ಞತೆಯೇ ಮೂಡಿತು.

ಆ ವಾರವೇ ಫೋರ್‌ಮನ್ ಬೈಕಿನಲ್ಲಿ ಬಂದು ಚೀಲ ತುಂಬ ಅವರೆಕಾಯಿ ಇಳಿಸಿದರು. “ಹೊಲದ್ದು ಸಾ, ಸುಮ್ನೆ ಒಣಗೋಯ್ತದೆ.” ಅದರ ಹಿಂದೆಯೇ ತೆಂಗಿನಕಾಯಿ ಬಂತು, ರಾಗಿಹಿಟ್ಟು ಬಂತು. ವರ್ತಕರು ಒಂದು ಗಂಟು ಬ್ಯಾಡಗಿ ಮೆಣಸಿನಕಾಯಿ ಕಳಿಸಿದರು. ಒಬ್ಬ ಮನುಷ್ಯನ ಸಾರಿಗೆ ಅದು ಎರಡು ವರ್ಷಕ್ಕೂ ಮುಗಿಯುವುದಿಲ್ಲ. ನನ್ನ ಕಟ್ಟುಹಲ್ಲು ಸಡಿಲವಾಗಿತ್ತು, ವೈದ್ಯರು ಸರಿಮಾಡಿಕೊಟ್ಟರು. ಎಷ್ಟಾಯಿತೆಂದರೆ, “ಇರ್ಲಿ ಬಿಡ್ರೀ, ನಮ್ಮ ನಿಮ್ಮಲ್ಲಿ ಏನು” ಎಂದರು. ಹಿಂದಿನ ಸಲ ಅದೇ ಕೆಲಸಕ್ಕೆ ದುಡ್ಡು ತೆಗೆದುಕೊಂಡಿದ್ದರು. ಅದು ನನಗೆ ನೆನಪಿತ್ತು. ಆದರೂ ಎರಡನ್ನೂ ಕೂಡಿಸಿ ನೋಡಲಿಲ್ಲ. ಒಂಟಿಯಾಗಿರುವವನು ತನ್ನ ಬಾಗಿಲಿಗೆ ಬಂದದ್ದನ್ನೆಲ್ಲ ಪ್ರೀತಿಯೆಂದೇ ಓದಿಕೊಳ್ಳುತ್ತಾನೆ.

ಆಸ್ಪತ್ರೆಗೆಂದು ಬೀರುವಿನಲ್ಲಿ ಸ್ವಲ್ಪ ನಗದು ಇಟ್ಟಿದ್ದೆ. ಬಾಡಿಗೆ, ಔಷಧ, ಹಾಲು ಅದರಲ್ಲೇ ನಡೆಯಿತು. ಮತ್ತೆ ನನ್ನ ಸರದಿ ಬಂದಾಗ ಅದರಿಂದಲೇ ಒಂದು ನೋಟು ಜೇಬಿಗಿಟ್ಟುಕೊಂಡು ಹೋದೆ. ವೈದ್ಯರಿಗೆ ಇನ್ನೊಂದು ವಡೆ ತರಿಸಿದೆ. ಎದ್ದು ಗಲ್ಲಾಕ್ಕೆ ಹೋದರೆ, “ಆಯ್ತಲ್ಲ ಸಾರ್, ಬಂದ ತಕ್ಷಣ ಕೊಟ್‌ಬುಟ್ರಲ್ಲ ಅವ್ರು” ಎಂದ ಗಲ್ಲಾದವನು. ತಿರುಗಿ ನೋಡಿದೆ. ಮೂವರೂ ಒಟ್ಟಿಗೆ ಕೈತೊಳೆಯುವ ಜಾಗದಲ್ಲಿದ್ದರು. ಅಲ್ಲಿ ಇದ್ದದ್ದು ಒಂದೇ ನಲ್ಲಿ.

“ನನ್ನ ಸರದಿಯಲ್ಲವೇ?” ಎಂದು ಕೇಳಿದೆ.

“ನಿಮ್ಮ ಶನಿವಾರ ಎಲ್ಲಿಗೂ ಓಡೋಗಲ್ಲ ಮೇಷ್ಟ್ರೇ” ಎಂದರು ವರ್ತಕರು. “ಆರಾಮಾಗಿ ತಗೊಳ್ಳಿ.”

ಮರುತಿಂಗಳೂ ಅದೇ. ಆಮೇಲೆ ನನ್ನ ನಾಲಗೆ ತಾನಾಗಿಯೇ ಕಟ್ಟಿಕೊಂಡಿತು. ಇನ್ನೊಬ್ಬರು ಕೊಟ್ಟ ಬಿಲ್ಲಿನಲ್ಲಿ ಮತ್ತೊಬ್ಬರಿಗೆ ವಡೆ ತರಿಸಲು ಬರುವುದಿಲ್ಲ. ಬೈಟು ಕಾಫಿ ಸಾಕೆನ್ನತೊಡಗಿದೆ. ಆಗ ವೈದ್ಯರು ಮಾಣಿಯನ್ನು ಕರೆದು “ಇವ್ರಿಗೆ ಇಡ್ಲಿ ಹಾಕಪ್ಪ. ತಗೊಳ್ರೀ, ಸಂಕೋಚ ಬೇಡ” ಎನ್ನುವರು. ನನ್ನ ಮಾತು ನನ್ನ ಕಣ್ಣೆದುರಿಗೇ ಅವರ ಬಾಯಿಗೆ ಹೋಯಿತು.

ಈ ನಡುವೆ ಬ್ಯಾಂಕಿಗೆ ಹೋಗುತ್ತಲೇ ಇದ್ದೆ. ಅರ್ಜಿ ಕೊಟ್ಟೆ, “ಕಳ್ಸಿದೀವಿ” ಎಂದರು. ಎಲ್ಲಿಗೆಂದು ಕೇಳಿದೆ, “ಮೇಲಕ್ಕೆ” ಎಂದರು. ನನಗೆ ಬೇಕಾದದ್ದು ಹಣವೊಂದೇ ಆಗಿದ್ದರೆ ಇಷ್ಟು ಅಲೆಯುತ್ತಿರಲಿಲ್ಲವೇನೋ. ಶನಿವಾರ ಮೇಜಿನ ಮೇಲಿಡಲು ನನಗೆ ಒಂದು ವಾಕ್ಯ ಬೇಕಾಗಿತ್ತು. ಕೌಂಟರಿನ ಹುಡುಗಿಯನ್ನು ಅದನ್ನೇ ಕೇಳಿದೆ. ಆಕೆ ಈಗ ನನ್ನನ್ನು ದೂರದಿಂದಲೇ ಗುರುತಿಸಿ ಕಂಪ್ಯೂಟರಿನ ಹಿಂದೆ ಸರಿಯುತ್ತಿದ್ದಳು.

“ಕಾರಣ ನಮಗೇ ಗೊತ್ತಿಲ್ಲ ಅಂದ್ಮೇಲೆ ಏನಂತ ಬರ್ಕೊಡ್ಲಿ ತಾತ?”

“ಗೊತ್ತಿಲ್ಲ ಎಂದೇ ಬರೆದುಕೊಡಿ.”

“ಹಾಗೆ ಬರೆಯೋಕೆ ಬರಲ್ಲ.”

ಒಂದು ದಿನ ಎಟಿಎಂ ಹಣ ಕೊಟ್ಟಿತು. ಅಷ್ಟೇ. ಯಾರೂ ಕರೆದು ಹೇಳಲಿಲ್ಲ, ಫೋನಿಗೂ ಒಂದು ಸಾಲು ಬರಲಿಲ್ಲ. ಬ್ಯಾಂಕಿಗೆ ಹೋದಾಗ ಮ್ಯಾನೇಜರರು ಗಾಜಿನ ಒಳಗಿನಿಂದಲೇ ಹೆಬ್ಬೆರಳೆತ್ತಿ ತೋರಿಸಿದರು. ಒಳಗೆ ಹೋಗಿ, ಕರೆಯದಿದ್ದರೂ ಕೂತು, ಈಗಲಾದರೂ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದೆ.

“ಸರಿಹೋಯ್ತಲ್ಲ ಅಂಕಲ್. ಬಿಟ್ಟ ಮೇಲೆ ಕಾರಣ ತಗೊಂಡು ಏನ್ಮಾಡ್ತೀರಿ?” ಎಂದು ನಕ್ಕರು. ಕ್ಷಮಿಸಿ ಎನ್ನಲಿಲ್ಲ. ಮರೆತಿರಬಹುದೆಂದು ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತೆ. ಅವರು ಫೋನೆತ್ತಿಕೊಂಡರು.

ಮುಂದೆ ಬಂದ ಎರಡನೇ ಶನಿವಾರ ನಾನು ನಡಿಗೆಯನ್ನು ಬಿಟ್ಟು ನೇರವಾಗಿ ಹೋಟೆಲಿಗೆ ಹೋದೆ. ಅವರ ಉಪಾಯವನ್ನೇ ಅವರ ಮೇಲೆ ತಿರುಗಿಸುವ ಉತ್ಸಾಹ. ಮುಂಗಡವಾಗಿ ನೋಟು ಚಾಚಿದರೆ ಗಲ್ಲಾದವನು ಕೈ ಹಿಂದಕ್ಕೆಳೆದುಕೊಂಡ.

“ಬೇಡ ಸಾರ್. ಬೈತಾರೆ. ನಿಮ್ಮತ್ರ ಮಾತ್ರ ಇಸ್ಕೋಬೇಡ ಅಂದವ್ರೆ.”

ಸ್ನೇಹಿತರು ಬಂದರು. ಖಾತೆ ಬಿಡುಗಡೆಯಾಯಿತೆಂದು ಹೇಳಿದೆ. ಮೂವರೂ ಮುಗುಳ್ನಕ್ಕು “ಒಳ್ಳೇದಾಯ್ತು” ಎಂದರು. ಯಾರೂ ಹೇಗೆ ಎಂದು ಕೇಳಲಿಲ್ಲ. ತಿಂಡಿ ಮುಗಿದು ನಾನು ಎದ್ದಾಗ ವರ್ತಕರು ಮಣಿಕಟ್ಟು ಹಿಡಿದರು. ಬಿಡಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವರು ನಿಜವಾಗಿ ಹಿಡಿದಿದ್ದರು.

ಮನೆಯ ಕಡೆ ಫೋರ್‌ಮನ್ ಜೊತೆಗೆ ಬಂದರು. ದಾರಿಯಲ್ಲಿ ನಾನು ಸಿಟ್ಟಿನಿಂದಲೇ ಫೋನು ತೆರೆದು, ಪಿಂಚಣಿ ಜಮೆಯಾದದ್ದನ್ನೂ ಉಳಿದ ಮೊತ್ತವನ್ನೂ ಅವರ ಮುಖದ ಮುಂದೆ ಹಿಡಿದೆ. ಪಂಚೆ ಜಾರಿದವನನ್ನು ಕಂಡಂತೆ ಅವರು ಕಣ್ಣು ಬೇರೆ ಕಡೆಗೆ ತಿರುಗಿಸಿದರು.

“ಅಯ್ಯೋ ಬುಡಿ ಸಾ. ನಮ್ಗೆ ಇದೆಲ್ಲ ತೋರಿಸ್ಬೇಕಾ?”

“ನೋಡಿ ಅಂತಲೇ ತೋರಿಸ್ತಿರೋದು.”

“ಕಷ್ಟ ಅನ್ನೋದು ಎಲ್ರಿಗೂ ಬತ್ತದೆ. ಅಮ್ಮಾವ್ರ ಆಸ್ಪತ್ರೆಗೆ ಎಷ್ಟು ಸುರಿದಿರ್ತೀರಿ ಅಂತ ಡಾಕ್ಟ್ರಿಗೆ ಅಂದಾಜಿಲ್ವಾ? ನೀವು ಬ್ಯಾಂಕಿನ ಕತೆ ಹೇಳಿದ್ರಲ್ಲ, ಅವತ್ತೇ ನಮ್ಗೆ ಅರ್ಥ ಆಗೋಯ್ತು. ನಾವ್ಯಾರೂ ಬಾಯಿ ಬುಡ್ಲಿಲ್ಲ. ನಿಮ್ಮಂತೋರ ಮರ್ವಾದೆ ನಮ್ಗೆ ಗೊತ್ತಾಗಲ್ವಾ ಸಾ?”

“ಅದು ಕತೆಯಲ್ಲ. ನಡೆದದ್ದು.”

“ಊಂ ಸಾ, ಅಂಗೇ ಇಟ್ಕಳಿ” ಎಂದು ನನ್ನ ಬೆನ್ನು ತಟ್ಟಿದರು.

ನನಗೆ ಆಗ ಎಲ್ಲವೂ ಸ್ಪಷ್ಟವಾಯಿತು. ಕಾರಣವಿಲ್ಲದೆ ಬ್ಯಾಂಕು ಖಾತೆ ತಡೆಹಿಡಿಯುತ್ತದೆಂಬುದನ್ನು ಅವರು ಮೊದಲ ದಿನವೇ ನಂಬಿರಲಿಲ್ಲ. ಕೈಯಲ್ಲಿ ಕಾಸಿಲ್ಲದ ಸ್ವಾಭಿಮಾನಿಯೊಬ್ಬ ಮರ್ಯಾದೆ ಉಳಿಸಿಕೊಳ್ಳಲು ಹೆಣೆದ ಸುಳ್ಳು ಅದೆಂದು ಮೂವರೂ ತಿಳಿದಿದ್ದರು. ಆ ಸುಳ್ಳಿಗೆ ಗೌರವ ಕೊಟ್ಟು, ನನ್ನ ಮುಂದೆ ಒಂದು ಮಾತೂ ಆಡದೆ, ಅವರೆಕಾಯಿ ಇಳಿಸಿದ್ದರು, ಹಲ್ಲು ಕಟ್ಟಿದ್ದರು, ಗಲ್ಲಾದವನಿಗೆ ಆಜ್ಞೆ ಕೊಟ್ಟಿದ್ದರು. ಖಾತೆ ಬಿಡುಗಡೆಯಾಯಿತೆಂಬುದು ಅವರ ಪಾಲಿಗೆ ಅದೇ ಸುಳ್ಳಿನ ಎರಡನೆಯ ಅಧ್ಯಾಯ. ನಾನು ಹೆಚ್ಚು ಪ್ರತಿಭಟಿಸಿದಷ್ಟೂ ಅವರು ಹೆಚ್ಚು ಮರುಗುತ್ತಾರೆ. ಕಾರಣದ ಜಾಗವನ್ನು ಬ್ಯಾಂಕು ಖಾಲಿ ಬಿಟ್ಟಿತು. ಒಳ್ಳೆಯ ಮನಸ್ಸಿನ ಮೂವರು ತಮ್ಮ ಒಳ್ಳೆಯತನದಿಂದ ಅದನ್ನು ತುಂಬಿದರು.

ಅವರ ಮೇಲೆ ನನಗೆ ಸಿಟ್ಟಿಲ್ಲವೆಂದು ಇಲ್ಲಿ ಬರೆಯಬೇಕೆಂದಿದ್ದೆ. ಬರೆಯಲಾರೆ.

ಈಗಲೂ ಶನಿವಾರ ಹೋಗುತ್ತೇನೆ. ಹೋಗದಿದ್ದರೆ ವಾರಕ್ಕೊಮ್ಮೆ ಆಡುವ ಮಾತೂ ಇಲ್ಲವಾಗುತ್ತದೆ. ಮೊದಲ, ಮೂರನೆಯ, ನಾಲ್ಕನೆಯ ಶನಿವಾರಗಳು ಹಿಂದಿನಂತೆಯೇ ಇವೆ. ಎರಡನೆಯದನ್ನು ಮೂವರೂ ಹಂಚಿಕೊಂಡಿದ್ದಾರೆ. ಗಲ್ಲಾದ ಮುಂದಿನ ಎಳೆದಾಟದಲ್ಲಿ ಈಗ ನನ್ನನ್ನು ಯಾರೂ ಎಳೆಯುವುದಿಲ್ಲ. ನಾನು ಹೊರಗಿನ ಮೆಟ್ಟಿಲ ಬಳಿ ನಿಂತು, ಒಳಗಿನ ನಗು ಮುಗಿಯುವುದನ್ನು ಕಾಯುತ್ತೇನೆ. ಅಡುಗೆಮನೆಯಲ್ಲಿ ಒಂದು ಮೂಲೆ ತುಂಬ ತೆಂಗಿನಕಾಯಿ ಇದೆ, ಹುಳ ಹಿಡಿಯುತ್ತಿರುವ ರಾಗಿಹಿಟ್ಟಿದೆ, ಡಬ್ಬಿ ತೆರೆದರೆ ಸೀನು ಬರಿಸುವ ಮೆಣಸಿನಕಾಯಿ ಇದೆ. ಮೊನ್ನೆ ರಾತ್ರಿಯ ಊಟಕ್ಕೆ ತಟ್ಟೆ ಹಾಕಿಕೊಂಡು ಕೂತಾಗ, ಇನ್ನೊಂದು ಹಾಕಿಸ್ಕೊಳ್ಳಿ ಎಂಬ ಮಾತು ತುಟಿಯವರೆಗೆ ಬಂತು. ಎದುರಿಗೆ ರೇಡಿಯೊ ಇತ್ತು.

ಮಾನ್ಯ ಮ್ಯಾನೇಜರರೇ, ಕಾರಣ ತೆಗೆದುಕೊಂಡು ಏನು ಮಾಡುತ್ತೀರಿ ಎಂದು ಕೇಳಿದ್ದಿರಿ. ಏನು ಮಾಡಬೇಕಾಗಿತ್ತೆಂಬುದು ಇಷ್ಟರಲ್ಲಿ ನಿಮಗೆ ತಿಳಿದಿರಬೇಕು. ಕಾರಣವನ್ನು ನನಗೆ ಈಗ ಹೇಳಬೇಡಿ. ನನ್ನ ಬಾಯಿಂದ ಬಂದರೆ ಯಾರೂ ನಂಬುವುದಿಲ್ಲ. ಪಾರ್ಕಿನ ಹಿಂದಿನ ರಸ್ತೆಯ ಆ ಹೋಟೆಲಿನಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ, ಬೆಳಗಿನ ನಡಿಗೆ ಮುಗಿದ ಹೊತ್ತಿಗೆ ನಾವು ನಾಲ್ವರೂ ಇರುತ್ತೇವೆ. ಮುಂದಿನ ಎರಡನೇ ಶನಿವಾರ ನಿಮಗೂ ರಜೆ. ನೀವೇ ಬಂದು, ಆ ಮೂವರ ಮುಂದೆ ನಿಂತು, ತಡೆಹಿಡಿದವರು ನಾವು, ಈ ಮನುಷ್ಯ ಸುಳ್ಳು ಹೇಳಿಲ್ಲ ಎಂದು ಒಂದು ಮಾತು ಹೇಳುತ್ತೀರಾ?